ಟೆಂಪೊ ಏರಿದ ಬೈಕು

ಹೊಸಕೋಟೆಯಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ನಂದಗುಡಿ ಸಿಗುತ್ತದೆ. ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದರ ಕೇಂದ್ರ ಇದು. ಇಲ್ಲಿಗೆ ರೈಲಿಲ್ಲ, ತಾಲ್ಲೂಕು ಕೇಂದ್ರವಾದ ಹೊಸಕೋಟೆಗೂ ಇಲ್ಲ. ಇಲ್ಲಿಂದ ಹೊರಡುವ ತರಕಾರಿ, ಹೂವು, ರೇಷ್ಮೆಗೂಡು, ನೀಲಗಿರಿ ಮರ, ಇಲ್ಲಿಗೆ ಬರುವ ಗೊಬ್ಬರ, ಸಿಮೆಂಟು ಎಲ್ಲವೂ ರಸ್ತೆಯನ್ನೇ ನಂಬಿವೆ. ಈ ಹೊರೆಗಳ ನಡುವೆ ಆಗಾಗ ಒಂದು ಬೈಕು ಕಾಣಿಸುತ್ತದೆ. ಎಂಜಿನ್ ಸೀಜ್ ಆಗಿದ್ದು, ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿದವರದ್ದು, ಹಟ್ಟಿಯ ಮೂಲೆಯಲ್ಲಿ ವರ್ಷಗಟ್ಟಲೆ ನಿಂತು ಈಗ ರಿಪೇರಿಗೆ ಹೊರಟ ಹಳೆಯ ಯೆಜ್ಡಿ. ಓಡಬೇಕಾದ ಗಾಡಿ ಇನ್ನೊಂದು ಗಾಡಿಯ ಬೆನ್ನೇರುವ ಈ ಪದ್ಧತಿಗೂ ಒಂದು ಚರಿತ್ರೆಯಿದೆ. ಅದು ಇರುವುದು ಹೆಚ್ಚಾಗಿ ಚಾಲಕರ ಮತ್ತು ಹಮಾಲಿಗಳ ಕೈಯಲ್ಲಿ.

ಆ ಕೈಗಳು ಕಲಿತದ್ದು ಎತ್ತಿನ ಗಾಡಿಯ ಮೇಲೆ. ಬೆಂಗಳೂರು ಗ್ರಾಮಾಂತರ ಮತ್ತು ಕೋಲಾರದ ಬಯಲಿನಲ್ಲಿ ಹೊಲದ ಬದುಗಳುದ್ದಕ್ಕೂ ಕತ್ತಾಳೆ ಬೆಳೆಯುತ್ತಿತ್ತು. ಅದರ ಪಟ್ಟೆಯನ್ನು ನೀರಿನಲ್ಲಿ ಕೊಳೆಹಾಕಿ, ನಾರು ತೆಗೆದು, ಹಗ್ಗ ಹೊಸೆಯುತ್ತಿದ್ದರು. ರಾಗಿ ಹುಲ್ಲಿನ ಹೊರೆಯನ್ನು ಆಳೆತ್ತರಕ್ಕೆ ಒಟ್ಟಿ, ಮೇಲಿನಿಂದ ಹಗ್ಗ ಎಸೆದು, ಕೆಳಗಿನಿಂದ ಜಗ್ಗಿ, ಜೀರುಗುಣಿಕೆ ಹಾಕುವುದು ಪ್ರತಿ ಸುಗ್ಗಿಯ ಕೆಲಸ. ಗಾಡಿ ಹಳ್ಳ ದಾಟುವಾಗ ಹೊರೆ ಎತ್ತ ವಾಲುತ್ತದೆ, ಯಾವ ಹಗ್ಗ ಮೊದಲು ಸಡಿಲವಾಗುತ್ತದೆ ಎಂಬುದು ಹುಡುಗರಿಗೂ ಗೊತ್ತಿತ್ತು. ನಾರಿನ ಹಗ್ಗ ನೆಂದರೆ ಬಿಗಿಯುತ್ತದೆ, ಒಣಗಿದರೆ ಸಡಿಲವಾಗುತ್ತದೆ. ಆಮೇಲೆ ಬಂದ ನೈಲಾನ್ ಹಗ್ಗ ಕೊಳೆಯದು, ಆದರೆ ಎಳೆದಷ್ಟೂ ಹಿಗ್ಗುತ್ತದೆ, ಗಂಟು ಜಾರುತ್ತದೆ. ಹುಲ್ಲಿಗೆ, ಮೂಟೆಗೆ, ಟೊಮೆಟೊ ಕ್ರೇಟಿಗೆ ಈ ವಿದ್ಯೆ ಸಾಲುತ್ತಿತ್ತು. ಬೈಕಿಗೆ ಸಾಲಲಿಲ್ಲ. ಬೈಕು ತನ್ನದೇ ಸ್ಪ್ರಿಂಗುಗಳ ಮೇಲೆ ನಿಂತಿರುವ ಹೊರೆ. ಹೊರಗಿನಿಂದ ಬಿಗಿಯಾಗಿ ಕಂಡ ಹಗ್ಗ ಗಾಡಿ ಗುಂಡಿಗೆ ಬಿದ್ದ ಕ್ಷಣ, ಬೈಕು ತನ್ನ ಸ್ಪ್ರಿಂಗಿನ ಮೇಲೆ ಕುಗ್ಗಿದಾಗ, ಜೋತುಬೀಳುತ್ತದೆ. ಮುಂದಿನ ಐವತ್ತು ವರ್ಷ ಈ ಸೀಮೆಯವರು ಕಲಿತದ್ದೆಲ್ಲ ಈ ಒಂದು ವ್ಯತ್ಯಾಸಕ್ಕೆ ಉತ್ತರ.

ರೈಲು ಇದ್ದವರಿಗೆ ಬೇರೊಂದು ದಾರಿಯಿತ್ತು. ಬೆಂಗಳೂರು ನಗರ ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಬೈಕು ಬುಕ್ ಮಾಡುವ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಪೆಟ್ರೋಲ್ ಪೂರ್ತಿ ಬಸಿಯಬೇಕು, ಆರ್.ಸಿ. ಪುಸ್ತಕದ ಪ್ರತಿ ಕೊಡಬೇಕು, ಹೊರಡುವ ಮತ್ತು ತಲುಪುವ ನಿಲ್ದಾಣದ ಹೆಸರು ಬರೆದ ಚೀಟಿ ಕಟ್ಟಬೇಕು. ನಿಲ್ದಾಣದ ಹೊರಗೇ ಕೂತ ಪ್ಯಾಕಿಂಗ್‌ನವರು ಟ್ಯಾಂಕು, ಹೆಡ್‌ಲೈಟು, ಹ್ಯಾಂಡಲ್‌ಗಳಿಗೆ ಹುಲ್ಲು ತುಂಬಿದ ಗೋಣಿ ಸುತ್ತಿ ದಬ್ಬಳದಿಂದ ಹೊಲಿಯುತ್ತಾರೆ. ರೈಲಿನ ವಿಧಾನದಲ್ಲಿ ಮೆತ್ತೆಗೆ ಮೊದಲ ಸ್ಥಾನ, ಹಗ್ಗಕ್ಕೆ ಎರಡನೆಯದು. ನಂದಗುಡಿಯಂಥ ಊರಿನವರು ನೆಚ್ಚಬೇಕಾದದ್ದು ಹಗ್ಗವನ್ನೇ.

ಬೈಕುಗಳೇ ವಿರಳವಾಗಿದ್ದ ಕಾಲದಲ್ಲಿ ಈ ಪ್ರಶ್ನೆ ದೊಡ್ಡದಾಗಿರಲಿಲ್ಲ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಮೈಸೂರಿನಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕುಗಳು ಹೊರಬರತೊಡಗಿದವು. 1973ರಿಂದ ಅವು ಯೆಜ್ಡಿ ಎಂಬ ಹೆಸರು ಹೊತ್ತವು. ಹಳ್ಳಿಗಳಲ್ಲಿ ಮೇಷ್ಟ್ರು, ಡಾಕ್ಟರು, ರೇಷ್ಮೆ ವ್ಯಾಪಾರಿಗಳು ಇಟ್ಟುಕೊಂಡಿದ್ದ ಈ ಗಾಡಿ ಕೆಟ್ಟರೆ ಮೆಕ್ಯಾನಿಕ್ಕೇ ಮನೆಗೆ ಬರುತ್ತಿದ್ದ. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಮೊಪೆಡ್ ಬಂತು. ಅದನ್ನಂತೂ ಇಬ್ಬರು ಹಿಡಿದರೆ ಸಾಕು, ಲಾರಿಯ ಮೇಲೆ, ಬಸ್ಸಿನ ಟಾಪಿನ ಮೇಲೆ ಕೂಡ ಎತ್ತಿಡಬಹುದಿತ್ತು. ಯೆಜ್ಡಿಗೆ ನಾಲ್ಕು ಜನ ಬೇಕು, ಬುಲೆಟ್ಟಿಗೆ ಇನ್ನೂ ಹೆಚ್ಚು. ಲಾರಿಯ ಬಾಡಿ ಎದೆಯೆತ್ತರ ಇರುತ್ತಿದ್ದುದರಿಂದ ಅಪಾಯವೆಲ್ಲ ಹತ್ತಿಸುವಾಗಲೇ.

ಅದಕ್ಕೆ ಹಳ್ಳಿಯವರು ಕಂಡುಕೊಂಡ ಉಪಾಯ ಸೊಗಸಾದದ್ದು. ರಸ್ತೆ ಬದಿಯ ದಿಬ್ಬ ಅಥವಾ ಕೆರೆ ಏರಿಯ ಇಳಿಜಾರು ಹುಡುಕಿ, ಗಾಡಿಯನ್ನು ರಿವರ್ಸ್ ತಂದು, ಹಿಂದಿನ ಡೋರ್ ಮಣ್ಣಿಗೆ ಮುಟ್ಟುವಂತೆ ನಿಲ್ಲಿಸುವುದು. ಆಗ ಬೈಕನ್ನು ಎತ್ತಬೇಕಿಲ್ಲ, ಉರುಳಿಸಿಕೊಂಡು ಹೋದರಾಯಿತು. ದಿಬ್ಬ ಇಲ್ಲದ ಕಡೆ ಸೆಂಟ್ರಿಂಗ್ ಹಲಗೆ. ಹಲಗೆ ಎಷ್ಟು ಉದ್ದವೋ ಏರು ಅಷ್ಟು ಸುಲಭ. ಗಿಡ್ಡ ಹಲಗೆಯಲ್ಲಿ ಬೈಕಿನ ಹೊಟ್ಟೆ ಡೋರಿನ ಅಂಚಿಗೆ ತಗಲಿ ನಿಲ್ಲುತ್ತದೆ. ಹಿಂದಕ್ಕೆ ಜಾರಿದರೆ ತಳ್ಳುತ್ತಿದ್ದವನ ಕಾಲಿನ ಮೇಲೆಯೇ. ಹಲಗೆಯ ಮೇಲಿನ ತುದಿಯನ್ನು ಬಾಡಿಗೆ ಕಟ್ಟದೆ ಹತ್ತಿಸುವುದು ಇಂದಿಗೂ ಈ ಕೆಲಸದ ದೊಡ್ಡ ತಪ್ಪು. ಚಕ್ರದ ಒತ್ತಡಕ್ಕೆ ಹಲಗೆ ಹಿಂದಕ್ಕೆ ಒದೆಯುತ್ತದೆ.

1970ರ ದಶಕದಲ್ಲಿ ಮ್ಯಾಟಡಾರ್, 1986ರಿಂದ ಟಾಟಾ 407 ಹಳ್ಳಿಯ ಸರಕಿನ ಗಾಡಿಗಳಾದವು. ಜನ ಎಲ್ಲವನ್ನೂ ಟೆಂಪೊ ಎಂದೇ ಕರೆದರು. ಅಮೆರಿಕದಲ್ಲಿ ಫೋರ್ಡ್ ಕಂಪನಿ 1925ರಲ್ಲೇ ತನ್ನ ಮಾಡೆಲ್ ಟಿ ಕಾರಿಗೆ ಹಿಂದೆ ತೆರೆದ ಪೆಟ್ಟಿಗೆ ಜೋಡಿಸಿ ಮಾರಿತ್ತು. ರೈತನ ಮನೆ ಬಾಗಿಲಿಗೇ ಬರುವ ಅಂಥ ಪುಟ್ಟ ಗಾಡಿ ಇಲ್ಲಿ ವ್ಯಾಪಕವಾಗಲು 2005ರವರೆಗೆ ಕಾಯಬೇಕಾಯಿತು. ಆ ವರ್ಷ ಬಂದ ಟಾಟಾ ಏಸ್ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ಮುಕ್ಕಾಲು ಟನ್ ಸರಕಿನ ಲೆಕ್ಕದ್ದು. ಬಾಡಿ ತಗ್ಗಾಗಿತ್ತು, ಉದ್ದ ಸುಮಾರು ಏಳು ಅಡಿ. ಇಬ್ಬರೇ ಬೈಕು ಹತ್ತಿಸಬಹುದಾಯಿತು. ಬೈಕು ಸಾಗಿಸುವುದು ಊರಿನ ಸಾಮಾನ್ಯ ಬಾಡಿಗೆ ಕೆಲಸವಾದದ್ದು ಇಲ್ಲಿಂದ ಮುಂದೆ ಎಂದು ಧೈರ್ಯವಾಗಿ ಹೇಳಬಹುದು.

ಆದರೆ ಆ ಏಳು ಅಡಿಯಲ್ಲೇ ತೊಡಕೂ ಇತ್ತು. ಸ್ಪ್ಲೆಂಡರ್‌ನಂಥ ಬೈಕಿನ ಉದ್ದ ಎರಡು ಮೀಟರ್, ಅಂದರೆ ಆರೂವರೆ ಅಡಿಗೆ ತುಸು ಹೆಚ್ಚು. ಅದು ಅಳತೆ ಮಾಡಿಟ್ಟಂತೆ ಕೂರುತ್ತದೆ. ಬುಲೆಟ್ ಕೂರುವುದಿಲ್ಲ. ಅದನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಬೇಕು, ಇಲ್ಲವೇ ಹಿಂದಿನ ಡೋರ್ ತೆರೆದೇ ಬಿಡಬೇಕು. ಸರಕು ಗಾಡಿಯಿಂದ ಹೊರಗೆ ಚಾಚುವುದಕ್ಕೆ ಇದ್ದ ವಿನಾಯಿತಿಯನ್ನು 2014ರಲ್ಲಿ ಕೇಂದ್ರ ಸರ್ಕಾರ ತೆಗೆದುಹಾಕಿತು. ಹಿಂದಿನಿಂದ ಬರುವವರಿಗೆ ಚಾಚಿದ ಕಬ್ಬಿಣದ ಸರಳುಗಳು ಮೃತ್ಯುವಾಗುತ್ತಿದ್ದುದೇ ಕಾರಣ. ದೊಡ್ಡ ಬೈಕುಗಳಿಗೆ ಈಗ ಬೊಲೆರೊ ಪಿಕಪ್ಪು ಅಥವಾ 2011ರಲ್ಲಿ ಹೊಸೂರಿನಿಂದ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಹುಡುಕುತ್ತಾರೆ. ಒಂದೆರಡು ಅಡಿ ಹೆಚ್ಚಿನ ಉದ್ದಕ್ಕೆ ಬಾಡಿಗೆಯೂ ಹೆಚ್ಚು.

ಹಗ್ಗದ ಮಾತಿಗೆ ಬರೋಣ. ಮೊದಮೊದಲು ಬೈಕನ್ನು ಸ್ಟ್ಯಾಂಡ್ ಹಾಕಿ ಮೂಟೆಯ ಹಾಗೆ ಸುತ್ತ ಬಿಗಿಯುತ್ತಿದ್ದರು. ಸೈಡ್ ಸ್ಟ್ಯಾಂಡಾಗಲಿ ಡಬಲ್ ಸ್ಟ್ಯಾಂಡಾಗಲಿ ಬೈಕು ಮುಂದಕ್ಕೆ ಜರುಗಿದರೆ ಮಡಚಿಕೊಳ್ಳುವಂತೆಯೇ ಮಾಡಿದ್ದು. ಟೆಂಪೊ ಗಕ್ಕನೆ ಬ್ರೇಕ್ ಹಾಕಿದಾಗ ಬೈಕಿನ ತೂಕದ ಅರ್ಧಕ್ಕೂ ಮೀರಿದ ಬಲ ಅದನ್ನು ಮುಂದಕ್ಕೇ ನೂಕುತ್ತದೆ. ಸ್ಟ್ಯಾಂಡ್ ಕೈಕೊಡುವುದು ಆಗಲೇ. ಅನುಭವಸ್ಥ ಚಾಲಕರು ಸ್ಟ್ಯಾಂಡನ್ನು ನಂಬುವುದು ಬಿಟ್ಟರು. ಮುಂದಿನ ಚಕ್ರವನ್ನು ಕ್ಯಾಬಿನ್ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿ, ನಡುವೆ ಹಳೆಯ ಟೈರೋ ಗೋಣಿಯೋ ಇಟ್ಟು, ಬೈಕನ್ನು ನೆಟ್ಟಗೆ ಹಿಡಿದು, ಹ್ಯಾಂಡಲ್ ಬುಡದಿಂದ ಎರಡು ಹಗ್ಗ ಮುಂದಿನ ಎರಡು ಮೂಲೆಗಳ ಕೊಂಡಿಗೆ ಓರೆಯಾಗಿ ಇಳಿಸುತ್ತಾರೆ. ಒಬ್ಬ ಸೀಟಿನ ಮೇಲೆ ಕೂತು ಹ್ಯಾಂಡಲ್ ಒತ್ತಿ ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧದಷ್ಟು ಕುಗ್ಗಿಸಬೇಕು, ಇನ್ನೊಬ್ಬ ಅದೇ ಹೊತ್ತಿಗೆ ಹಗ್ಗ ಬಿಗಿಯಬೇಕು. ಈಗ ಸ್ಪ್ರಿಂಗು ಸದಾ ಮೇಲಕ್ಕೆ ಒತ್ತುತ್ತಾ ಹಗ್ಗವನ್ನು ತಾನೇ ಬಿಗಿಯಾಗಿಡುತ್ತದೆ. ಗುಂಡಿಗೆ ಬಿದ್ದರೂ ಹಗ್ಗ ಜೋಲುವುದಿಲ್ಲ. ಮೊದಲು ಹಗ್ಗ ಸಡಿಲಿಸುತ್ತಿದ್ದ ಸ್ಪ್ರಿಂಗೇ ಈಗ ಕಾವಲು. ಪೂರ್ತಿ ಕುಗ್ಗಿಸಿದರೆ ಮಾತ್ರ ಆಯಿಲ್ ಸೀಲ್ ಹೋಗುತ್ತದೆ.

ಹಿಂದಿನ ಚಕ್ರ ಪಕ್ಕಕ್ಕೆ ಕುಣಿಯದಂತೆ ಎರಡೂ ಬದಿಗೆ ಇನ್ನೆರಡು ಹಗ್ಗ. ಗೇರ್‌ನಲ್ಲಿ ಇಡುವುದು, ಪೆಟ್ರೋಲ್ ಟ್ಯಾಪ್ ಮುಚ್ಚುವುದು, ಮಿರರ್ ಬಿಚ್ಚುವುದು, ಹಗ್ಗ ಟ್ಯಾಂಕಿಗೆ ಉಜ್ಜುವ ಕಡೆ ಬಟ್ಟೆ ಇಡುವುದು. ಲಾರಿ ಟ್ಯೂಬನ್ನು ಸೀಳಿ ಮಾಡಿದ ರಬ್ಬರ್ ಪಟ್ಟಿಗಳು ಈ ಸೀಮೆಯಲ್ಲಿ ಎಲ್ಲ ಕೆಲಸಕ್ಕೂ ಬರುತ್ತವೆ. ಆದರೆ ಬೈಕನ್ನು ಬರೀ ಟ್ಯೂಬಿನಲ್ಲಿ ಕಟ್ಟುವುದು ಅಪಾಯ. ಅದು ಹಿಗ್ಗಿ ಬೈಕನ್ನು ತೂಗಾಡಲು ಬಿಡುತ್ತದೆ. ಈಚೆಗೆ ರ್‍ಯಾಚೆಟ್ ಇರುವ ಪಾಲಿಯೆಸ್ಟರ್ ಬೆಲ್ಟುಗಳು ಬಂದಿವೆ. ಅವು ಹೆಚ್ಚು ಹಿಗ್ಗುವುದಿಲ್ಲ, ಒಬ್ಬನೇ ಬಿಗಿಯಬಹುದು. ಬಾಡಿಯಲ್ಲಿ ಒಬ್ಬನನ್ನು ಕೂರಿಸಿ ಬೈಕು ಹಿಡಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ ಎಂಬುದು ನೋವಿನ ಸಂಗತಿ. ಸರಕು ಗಾಡಿಯ ಬಾಡಿಯಲ್ಲಿ ಹೀಗೆ ಜನ ಸಾಗಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ನೂರಿಪ್ಪತ್ತು ಕಿಲೊ ಕಬ್ಬಿಣ ಮೈಮೇಲೆ ಬಂದಾಗ ಯಾವ ಹುಡುಗನೂ ಅದನ್ನು ತಡೆಯಲಾರ.

ಕಟ್ಟದೆ ಸಾಗಿಸಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ವರ್ಷಗಟ್ಟಲೆ ಕಣ್ಣಾರೆ ನೋಡಿತು. ನೋ ಪಾರ್ಕಿಂಗ್ ಜಾಗದ ಸ್ಕೂಟರು, ಬೈಕುಗಳನ್ನು ಟೋಯಿಂಗ್ ಲಾರಿಯ ಹುಡುಗರು ಎತ್ತಿ ಒಂದಕ್ಕೊಂದು ಒರಗಿಸಿ ಪೇರಿಸುತ್ತಿದ್ದರು. ಬಾಗಿದ ಹ್ಯಾಂಡಲ್, ಮುರಿದ ಬ್ರೇಕ್ ಲಿವರ್, ಒಡೆದ ಇಂಡಿಕೇಟರ್ ಬಗ್ಗೆ ಜನ ದೂರುತ್ತಲೇ ಇದ್ದರು. ಟೋಯಿಂಗ್ ಸಿಬ್ಬಂದಿಯ ವರ್ತನೆಯ ವಿಡಿಯೊಗಳು ಹರಿದಾಡಿ ಆಕ್ರೋಶ ಹೆಚ್ಚಿದ ಮೇಲೆ, ಬಸವರಾಜ ಬೊಮ್ಮಾಯಿ ಅವರ ಸರ್ಕಾರ 2022ರ ಫೆಬ್ರುವರಿಯಲ್ಲಿ ಟೋಯಿಂಗ್ ನಿಲ್ಲಿಸಿತು.

ಇದಕ್ಕೆ ತದ್ವಿರುದ್ಧವಾದ ದೃಶ್ಯ ನಂದಗುಡಿಗೆ ದೂರವಲ್ಲದ ನರಸಾಪುರದಲ್ಲಿದೆ. ಹೋಂಡಾ ಕಂಪನಿ ಅಲ್ಲಿ 2013ರಲ್ಲಿ ಉತ್ಪಾದನೆ ಶುರುಮಾಡಿತು. 2017ರಲ್ಲಿ ನಾಲ್ಕನೆಯ ಸಾಲು ಸೇರಿದಾಗ ವಾರ್ಷಿಕ ಸಾಮರ್ಥ್ಯ 24 ಲಕ್ಷ ವಾಹನಗಳಿಗೆ ಏರಿತು. ಇಷ್ಟೊಂದು ಗಾಡಿಗಳು ಹೊರಹೋಗುವುದು ಮುಚ್ಚಿದ ಉದ್ದನೆಯ ಕಂಟೇನರ್‌ಗಳಲ್ಲಿ, ಸಾಲುಸಾಲಾಗಿ ಬಿಗಿಸಿಕೊಂಡು. ಕಾರ್ಖಾನೆಗೆ ಇದು ಲೆಕ್ಕಾಚಾರದ ಕೆಲಸ. ಒಂದೇ ಅಳತೆಯ ಬೈಕು, ಒಂದೇ ಬಗೆಯ ಕಟ್ಟು. ಹಳ್ಳಿಯ ಚಾಲಕನಿಗೆ ಇವತ್ತು ಸ್ಕೂಟಿ, ನಾಳೆ ಬುಲೆಟ್, ನಾಡಿದ್ದು ಚಕ್ರವೇ ತಿರುಗದ ಯೆಜ್ಡಿ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಹಳೆಯ ಯೆಜ್ಡಿಗಳನ್ನು ಹುಡುಕಿ ಜೀವ ತುಂಬುವ ಅಭಿಮಾನಿಗಳು ಹುಟ್ಟಿಕೊಂಡರು. ಬ್ರೇಕ್ ಹಿಡಿದುಹೋದ, ಟೈರ್ ಕೊಳೆತ, ಸ್ಪ್ರಿಂಗು ಜಡ್ಡುಗಟ್ಟಿದ ಅಂಥ ಬೈಕಿನಲ್ಲಿ ಶಾಕ್ ಅಬ್ಸಾರ್ಬರ್ ಕುಗ್ಗಿಸುವ ಉಪಾಯವೂ ನಡೆಯುವುದಿಲ್ಲ. ಅಡಿಗೆ ಮಣ್ಣಿನ ಮೂಟೆ ಕೊಟ್ಟು ಫ್ರೇಮನ್ನೇ ಹಿಡಿದು ಕಟ್ಟಬೇಕು.

ನಂದಗುಡಿಯ ಸುತ್ತ 2007ರ ಹೊತ್ತಿಗೆ ದೊಡ್ಡ ವಿಶೇಷ ಆರ್ಥಿಕ ವಲಯದ ಪ್ರಸ್ತಾವ ಬಂದಿತ್ತು. ರೈತರು ವಿರೋಧಿಸಿದರು, ಅದು ಕೈಗೂಡಲಿಲ್ಲ. ಭೂಮಿ ಹೊಲವಾಗಿಯೇ ಉಳಿದದ್ದರಿಂದ ಇಲ್ಲಿನ ಪಿಕಪ್ಪುಗಳೂ ಬಹುಮಟ್ಟಿಗೆ ತರಕಾರಿ ಗಾಡಿಗಳೇ. ಮಾರುಕಟ್ಟೆಗೆ ಸರಕು ಇಳಿಸಿ ಖಾಲಿ ಮರಳುವ ಗಾಡಿಗೆ ಬೈಕು ಸಿಕ್ಕರೆ ಡೀಸೆಲ್ ಖರ್ಚು ಹುಟ್ಟುತ್ತದೆ. ಹಾಗಾಗಿ ಬೈಕು ಕಟ್ಟಲು ಸಿಗುವುದು ಕ್ರೇಟು ಕಟ್ಟಿದ ಹಗ್ಗ, ಕೊಳೆತ ಸೊಪ್ಪಿನಿಂದ ಜಾರುವ ಬಾಡಿ. ತಳಕ್ಕೆ ಗೋಣಿ ಹಾಸದಿದ್ದರೆ ಚಕ್ರ ನಿಲ್ಲುವುದೇ ಇಲ್ಲ.

ಬೈಕು ಬೇರೊಂದು ಗಾಡಿಯಲ್ಲೇ ಹೋಗಬೇಕು ಎಂಬ ನಿಯಮವಿರುವ ಲೋಕವೂ ಒಂದಿದೆ, ಮಣ್ಣಿನ ಹಾದಿಯ ಸವಾರಿಯದ್ದು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರ ಡಕಾರ್ ರ್‍ಯಾಲಿಯನ್ನು 36ನೆಯವರಾಗಿ ಮುಗಿಸಿದರು. ಅದನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಅವರು. ಕೋಲಾರದ ಕಡೆ ಅವರು ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್ ಮಣ್ಣಿನ ಹಾದಿಯ ಸವಾರಿ ಕಲಿಸುತ್ತದೆ. ಆ ಬಗೆಯ ಅಸಲಿ ಮೋಟೊಕ್ರಾಸ್ ಬೈಕುಗಳಿಗೆ ಹೆಡ್‌ಲೈಟ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ರಸ್ತೆಗೆ ಇಳಿಯುವ ಹಕ್ಕೂ ಇಲ್ಲ. ಸವಾರರು ಅವನ್ನು ಪಿಕಪ್ಪಿನಲ್ಲೇ ಸಾಗಿಸುತ್ತಾರೆ. ಅವುಗಳ ಮುಂದಿನ ಶಾಕ್ ಅಬ್ಸಾರ್ಬರ್ ಹೆಚ್ಚುಕಡಿಮೆ ಒಂದು ಅಡಿ ಕುಗ್ಗುವಂಥದ್ದು. ಅದಕ್ಕೇ ಮುಂದಿನ ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತುಂಡೊಂದನ್ನು ಸಿಕ್ಕಿಸುತ್ತಾರೆ. ಬೆಲ್ಟು ಎಷ್ಟೇ ಬಿಗಿದರೂ ಸ್ಪ್ರಿಂಗು ಅಲ್ಲಿಂದಾಚೆ ಕುಗ್ಗದು. ಮರದ ತುಂಡನ್ನು ಅಳತೆಗೆ ಕೊಯ್ದುಕೊಟ್ಟರೂ ಅದೇ ಕೆಲಸ ನಡೆಯುತ್ತದೆ. ಊರಿನ ಬಡಗಿಗೆ ಅದು ಹತ್ತು ನಿಮಿಷದ ಕೆಲಸ.