ತೌಡು ಕುಟ್ಟಿ ಎಣ್ಣೆ ತೆಗೆದವರು

ಫಲವಿಲ್ಲದ ಕೆಲಸಕ್ಕೆ ಕನ್ನಡದಲ್ಲಿ ‘ತೌಡು ಕುಟ್ಟುವುದು’ ಎನ್ನುವುದುಂಟು. ಅಕ್ಕಿ ಆಗಲೇ ಬೇರೆಯಾಗಿದೆ, ಇನ್ನು ಕುಟ್ಟಿದರೆ ಬರುವುದೇನು? ಆದರೆ ರಸಾಯನಶಾಸ್ತ್ರದಲ್ಲಿ ತೌಡಿನ ಹೆಸರನ್ನೇ ಹೊತ್ತ ದ್ರವವೊಂದಿದೆ: ಫರ್ಫ್ಯುರಾಲ್. ಲ್ಯಾಟಿನ್ನಿನಲ್ಲಿ ‘ಫರ್ಫರ್’ ಎಂದರೆ ತೌಡು.

ಇದನ್ನು ಮೊದಲು ಕಂಡವರು ಜರ್ಮನಿಯ ಯೇನಾದಲ್ಲಿ ಪ್ರಾಧ್ಯಾಪಕರಾಗಿದ್ದ ಡೋಬೆರೈನರ್. ಫಾರ್ಮಿಕ್ ಆಮ್ಲ ತಯಾರಿಸುವಾಗ ಜೊತೆಗೆ ಸ್ವಲ್ಪ ಎಣ್ಣೆಯೂ ಬಂದಿತ್ತು. ಅದನ್ನು ಅವರು 1832ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಾಗಲೇ ಅವರು ಇನ್ನೊಂದು ಕಾರಣಕ್ಕೆ ಹೆಸರಾಗಿದ್ದರು. 1823ರಲ್ಲಿ ಅವರು ಪ್ಲಾಟಿನಂ ಮೇಲೆ ಹೈಡ್ರೋಜನ್ ಹಾಯಿಸಿ, ಕಿಡಿಯಿಲ್ಲದೆ ದೀಪ ಹೊತ್ತಿಸಿದ್ದರು. ಪ್ಲಾಟಿನಂ ಮಾತ್ರ ಇದ್ದಷ್ಟೇ ಉಳಿದಿತ್ತು. ಹೀಗೆ ತಾನು ಕರಗದೆ ಕ್ರಿಯೆ ನಡೆಸಿಕೊಡುವುದೇ ವೇಗವರ್ಧಕ.

1840ರಲ್ಲಿ ಬ್ರಿಟನ್ನಿನ ಸ್ಟೆನ್‌ಹೌಸ್, ಓಟ್ಸ್, ಮೆಕ್ಕೆಜೋಳ, ತೌಡು, ಮರದ ಹೊಟ್ಟು ಯಾವುದನ್ನೇ ನೀರು ಬೆರೆಸಿದ ಗಂಧಕಾಮ್ಲದೊಂದಿಗೆ ಬಟ್ಟಿ ಇಳಿಸಿದರೂ ಇದೇ ಎಣ್ಣೆ ಸಿಗುತ್ತದೆಂದು ತೋರಿಸಿದರು. ಇಲ್ಲಿ ಆಮ್ಲವೇ ವೇಗವರ್ಧಕ: ಹೊಟ್ಟಿನೊಳಗಿನ ಸಕ್ಕರೆಯ ಸರಪಳಿಯನ್ನು ಅದು ತುಂಡರಿಸುತ್ತದೆ, ಬಿಡಿಯಾದ ಸಕ್ಕರೆಯಿಂದ ನೀರಿನ ಅಂಶ ಕಳೆಯುತ್ತದೆ. 1845ರಲ್ಲಿ ಫೌನ್ಸ್ ಈ ಎಣ್ಣೆಗೆ ‘ಫರ್ಫ್ಯುರಾಲ್’ ಎಂದು ಹೆಸರಿಟ್ಟರು.

ವಿಧಾನ ಗೊತ್ತಾಗಿತ್ತು, ಕಚ್ಚಾವಸ್ತು ಬಿಟ್ಟಿ ಬಿದ್ದಿತ್ತು. ಆದರೂ ಎಂಬತ್ತು ವರ್ಷ ಅದು ಪ್ರಯೋಗಾಲಯದ ಸೀಸೆ ಬಿಟ್ಟು ಹೊರಬರಲಿಲ್ಲ.

ಹೊರತಂದದ್ದು ಅಮೆರಿಕದ ಅಯೋವಾದ ಸೀಡರ್ ರ‍್ಯಾಪಿಡ್ಸ್ ಊರಿನ ಕ್ವೇಕರ್ ಓಟ್ಸ್ ಕಾರ್ಖಾನೆ. ಓಟ್ಸ್ ಕಾಳಿನ ತೂಕದಲ್ಲಿ ಸುಮಾರು ಕಾಲು ಭಾಗ ಸಿಪ್ಪೆ. ಅದು ಅಂಗಳದಲ್ಲಿ ರಾಶಿ ಬೀಳುತ್ತಿತ್ತು, ದನಗಳಿಗೂ ಸುಲಭವಾಗಿ ಜೀರ್ಣವಾಗುತ್ತಿರಲಿಲ್ಲ. ಒಳ್ಳೆಯ ಮೇವು ಮಾಡಹೊರಟವರಿಗೆ ಫರ್ಫ್ಯುರಾಲ್ ದಕ್ಕಿತು. ಕೆಲಸವಿಲ್ಲದೆ ಬಿದ್ದಿದ್ದ ಹಳೆಯ ಕುಕ್ಕರ್‌ಗಳಲ್ಲೇ 1922ರಲ್ಲಿ ಉತ್ಪಾದನೆ ಶುರುವಾಯಿತು. ಬಳಕೆಗಳು ಆಮೇಲೆ ಹುಟ್ಟಿದವು: ಯಂತ್ರದ ಎಣ್ಣೆಯ ಶುದ್ಧೀಕರಣ, ಎರಡನೇ ಮಹಾಯುದ್ಧದಲ್ಲಿ ಕೃತಕ ರಬ್ಬರು, ಮುಂದೆ ನೈಲಾನ್ ಕೂಡ. ಪೆಟ್ರೋಲಿಯಂ ಅಗ್ಗವೆನಿಸಿದಾಗ ನೈಲಾನ್ ಆ ದಾರಿ ಬಿಟ್ಟಿತು. ಈಗ ಮತ್ತೆ ಇಂಧನದ ಮಾತು ಬಂದಿದೆ: ತಾಮ್ರದಂಥ ವೇಗವರ್ಧಕದ ಮೇಲೆ ಫರ್ಫ್ಯುರಾಲಿಗೆ ಹೈಡ್ರೋಜನ್ ಸೇರಿಸಿದರೆ, ಪೆಟ್ರೋಲಿಗೆ ಬೆರೆಸಬಲ್ಲ ಮೀಥೈಲ್‌ಫ್ಯುರಾನ್ ದೊರೆಯುತ್ತದೆ.

ಕ್ವೇಕರ್ ಕಂಪನಿಗಿದ್ದ ಅನುಕೂಲವೆಂದರೆ ಸಿಪ್ಪೆ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಓಟ್ಸ್ ಕೊಳ್ಳುವಾಗಲೇ ಸಿಪ್ಪೆಯೂ ಬಂದಿರುತ್ತಿತ್ತು, ಸಾಗಣೆಯ ಖರ್ಚು ಓಟ್ಸ್ ಲೆಕ್ಕಕ್ಕೇ ಸೇರಿರುತ್ತಿತ್ತು.

ದೆಹಲಿಯಲ್ಲಿರುವವರಿಗೆ ಈ ಲೆಕ್ಕ ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ಮೂಗಿಗೇ ತಟ್ಟುತ್ತದೆ. ಪಂಜಾಬ್, ಹರಿಯಾಣದಲ್ಲಿ ಭತ್ತ ಕೊಯ್ದು ಗೋಧಿ ಬಿತ್ತುವ ನಡುವೆ ರೈತನಿಗೆ ಸಿಗುವುದು ಕೆಲವೇ ವಾರ. ಗದ್ದೆಯಲ್ಲುಳಿದ ಹುಲ್ಲನ್ನು ಕತ್ತರಿಸಿ, ಪೆಂಡಿ ಕಟ್ಟಿಸಿ, ಸಾಗಿಸುವುದಕ್ಕಿಂತ ಬೆಂಕಿಕಡ್ಡಿ ಅಗ್ಗ. 2022ರ ಆಗಸ್ಟ್ 10ರಂದು ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಎಥನಾಲ್ ಘಟಕ ಉದ್ಘಾಟನೆಯಾಯಿತು. ವೆಚ್ಚ 900 ಕೋಟಿ ರೂಪಾಯಿಗೂ ಹೆಚ್ಚು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ತೆಗೆಯುವುದು ಅದರ ಗುರಿ. ಆದರೆ ಆ ಹುಲ್ಲನ್ನೆಲ್ಲ ಕೆಲವೇ ವಾರಗಳಲ್ಲಿ ಊರೂರಿನ ಗದ್ದೆಗಳಿಂದ ಕೂಡಿಹಾಕಿ, ಒದ್ದೆಯಾಗದಂತೆ ವರ್ಷವಿಡೀ ಕಾಯ್ದಿಡಬೇಕು.

ಹುಲ್ಲಿನಿಂದ ಇಂಧನ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಗದ್ದೆಯಿಂದ ಕಾರ್ಖಾನೆಯ ಬಾಗಿಲವರೆಗಿನ ಖರ್ಚು ಯಾರದು ಎಂಬುದನ್ನು ಇನ್ನೂ ಪ್ರತಿ ಸುಗ್ಗಿಗೂ ಹೊಸದಾಗಿ ತೀರ್ಮಾನಿಸಬೇಕಾಗಿದೆ.