ಭಾರತ ಮಹಿಳಾ ಫುಟ್‌ಬಾಲ್ ತಂಡ ಮೇಲೆ ಬಂದದ್ದು ಹೇಗೆ? 1975ರಿಂದ ಇಲ್ಲೀವರೆಗಿನ ಪೂರ್ತಿ ಮಾಹಿತಿ

ಮೌಳಂಗಿ: 2025ರ ಜುಲೈ 5ರಂದು ಥಾಯ್ಲೆಂಡ್‌ನ ಚಿಯಾಂಗ್ ಮಾಯ್ ನಗರದಲ್ಲಿ ಭಾರತದ ಹುಡುಗಿಯರು ಥಾಯ್ಲೆಂಡ್ ತಂಡವನ್ನು ಅವರ ಊರಲ್ಲೇ 2-1 ಗೋಲುಗಳಿಂದ ಸೋಲಿಸಿದರು. ಅವತ್ತು ಭಾರತದ ವಿಶ್ವ ರ‍್ಯಾಂಕ್ 70, ಥಾಯ್ಲೆಂಡ್‌ನದು 46. ಈ ಗೆಲುವಿನಿಂದ ಭಾರತ ಮಹಿಳಾ ತಂಡ ಮೊದಲ ಸಲ ಅರ್ಹತಾ ಸುತ್ತು ಆಡಿ, ಗೆದ್ದು, ಎಎಫ್‌ಸಿ ಏಷ್ಯನ್ ಕಪ್‌ಗೆ ಹೋಯಿತು.

ನವೆಂಬರ್‌ನಲ್ಲಿ ಮಹಿಳಾ ಕ್ರಿಕೆಟ್ ತಂಡ ವಿಶ್ವಕಪ್ ಗೆದ್ದಾಗ ಊರೂರಲ್ಲಿ ಪಟಾಕಿ ಹೊಡೆದರು. ಫುಟ್‌ಬಾಲ್ ಸುದ್ದಿ ಮಾತ್ರ ಪೇಪರಿನ ಒಳಗಿನ ಪುಟದಲ್ಲೇ ಉಳೀತು. ಅದಕ್ಕೇ ಈ ತಂಡದ ಕಥೆಯನ್ನ ಒಂದು ಕಡೆ ಕೂಡಿಸಿ ಕೊಡ್ತಾ ಇದ್ದೇವೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಹುಡುಗಿಗೆ ಈ ದಾರಿ ಎಲ್ಲಿಂದ ಶುರುವಾಗುತ್ತೆ ಅನ್ನೋದನ್ನೂ ಕೊನೆಯಲ್ಲಿ ಬರೆದಿದ್ದೇವೆ.

ಶುರುವಾದದ್ದು 1975ರಲ್ಲಿ

ಭಾರತದ ಮಹಿಳಾ ಫುಟ್‌ಬಾಲ್ ಫೆಡರೇಷನ್ 1975ರಲ್ಲಿ ಲಖನೌದಲ್ಲಿ ಹುಟ್ಟಿತು. ಗಂಡಸರ ಫುಟ್‌ಬಾಲ್ ನೋಡಿಕೊಳ್ಳುತ್ತಿದ್ದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ (ಎಐಎಫ್‌ಎಫ್) ಇದಕ್ಕೂ ಆಗ ಸಂಬಂಧ ಇರಲಿಲ್ಲ. ಕೈಯಲ್ಲಿ ದುಡ್ಡೂ ಕಡಿಮೆ. ಆದರೂ ಐದೇ ವರ್ಷದಲ್ಲಿ ತಂಡ ಏಷ್ಯಾದ ಮುಂಚೂಣಿಗೆ ಬಂತು. 1980ರ ಜನವರಿಯಲ್ಲಿ ಕೇರಳದ ಕೋಝಿಕೋಡ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಫೈನಲ್ ತಲುಪಿ ಚೈನೀಸ್ ತೈಪೆ, ಅಂದ್ರೆ ತೈವಾನ್ ಎದುರು ಸೋತಿತು. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರನೇ ಸ್ಥಾನ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಎರಡನೇ ಸ್ಥಾನ. ಆ ಸಲ ಗೆದ್ದವರು ಇದೇ ಥಾಯ್ಲೆಂಡ್‌ನವರು.

ಆ ಕಾಲದಲ್ಲಿ ಬಂಗಾಳದ ಶಾಂತಿ ಮಲ್ಲಿಕ್ ದೊಡ್ಡ ಹೆಸರು. 1983ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಅವರು, ಆ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿ. ನಮ್ಮ ಕರ್ನಾಟಕದ ಚಿತ್ರಾ ಗಂಗಾಧರನ್ ಕೂಡ ಭಾರತದ ಪರ ಆಡಿದರು.

ನಡುವೆ ಬಿದ್ದದ್ದು ಯಾಕೆ?

1990ರ ದಶಕದ ಶುರುವಿನಲ್ಲಿ ಮಹಿಳಾ ಫುಟ್‌ಬಾಲ್ ಎಐಎಫ್‌ಎಫ್ ಕೈಗೆ ಬಂತು. ಇನ್ನು ಸುಧಾರಿಸುತ್ತೆ ಅಂತ ಎಲ್ಲರೂ ಅಂದುಕೊಂಡರು. ಆದದ್ದು ಬೇರೆ. ಅಷ್ಟರಲ್ಲಿ ಚೀನಾ, ಜಪಾನ್, ಕೊರಿಯಾ ದೇಶಗಳು ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ದುಡ್ಡು ಹಾಕಿ ಮುಂದೆ ಹೋದವು. ನಮ್ಮ ತಂಡಕ್ಕೆ ಯಾವಾಗಲೋ ಒಂದು ಟೂರ್ನಿ, ಅದು ಮುಗಿದ ಮೇಲೆ ತಿಂಗಳುಗಟ್ಟಲೆ ಖಾಲಿ. 2003ರ ನಂತರ ಏಷ್ಯನ್ ಕಪ್‌ನಲ್ಲಿ ಭಾರತ ಕಾಣಲೇ ಇಲ್ಲ. 2009ರಲ್ಲಿ ಪರಿಸ್ಥಿತಿ ಎಲ್ಲಿಗೆ ಬಂತು ಅಂದ್ರೆ, ಒಂದೂವರೆ ವರ್ಷದಿಂದ ಪಂದ್ಯ ಆಡದ ಕಾರಣ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಭಾರತದ ಹೆಸರು ಬಿತ್ತು.

ಗಮನಿಸಬೇಕಾದ್ದು ಇಲ್ಲೇ. ಆ ಹೊತ್ತಿಗೆ ಮಣಿಪುರದ ಓಯಿನಾಮ್ ಬೆಂಬೆಂ ದೇವಿಯಂಥ ಆಟಗಾರ್ತಿ ನಮ್ಮಲ್ಲಿದ್ದರು. ಮುಂದೆ ಅವರಿಗೆ 2017ರಲ್ಲಿ ಅರ್ಜುನ, 2020ರಲ್ಲಿ ಪದ್ಮಶ್ರೀ ಬಂತು. ಆಟ ಬರುವವರು ಇದ್ದರು, ಆಡೋಕೆ ಪಂದ್ಯ ಇರಲಿಲ್ಲ.

ಮತ್ತೆ ಎದ್ದದ್ದು

2010ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಮಹಿಳಾ ಚಾಂಪಿಯನ್‌ಷಿಪ್ ಶುರುವಾಯಿತು. ಪಂದ್ಯ ಸಿಕ್ಕ ಕೂಡಲೇ ಫಲಿತಾಂಶವೂ ಸಿಕ್ತು. 2010, 2012, 2014, 2016, 2019 ಹೀಗೆ ಐದು ಸಲ ಸಾಲಾಗಿ ಭಾರತವೇ ಗೆದ್ದಿತು. 2016-17ರಲ್ಲಿ ದೇಶದ ಮಹಿಳಾ ಲೀಗ್ (ಐಡಬ್ಲ್ಯುಎಲ್) ಶುರುವಾಯಿತು. ಕೇರಳದ ಗೋಕುಲಂ ತಂಡ ಇದನ್ನು ಮೂರು ಸಲ ಗೆದ್ದಿದೆ. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರ ಮೇ ತಿಂಗಳಲ್ಲಿ ಫೈನಲ್‌ವರೆಗೆ ಹೋಗಿತ್ತು.

ದಾರಿ ನೆಟ್ಟಗೇನೂ ಇರಲಿಲ್ಲ. 2022ರ ಜನವರಿಯಲ್ಲಿ ಏಷ್ಯನ್ ಕಪ್ ಮಹಾರಾಷ್ಟ್ರದಲ್ಲೇ ನಡೀತು, ಆತಿಥೇಯ ದೇಶ ಅಂತ ಭಾರತಕ್ಕೆ ನೇರ ಪ್ರವೇಶ ಇತ್ತು. ಇರಾನ್ ಜೊತೆ 0-0 ಡ್ರಾ ಆಯ್ತು. ಅಷ್ಟರಲ್ಲಿ ತಂಡದೊಳಗೆ ಕೊರೊನಾ ಹೊಕ್ಕಿತು. ಜನವರಿ 23ರಂದು ಚೈನೀಸ್ ತೈಪೆ ವಿರುದ್ಧ ಆಡೋಕೆ 13 ಜನ ಕೂಡ ಕೂಡಲಿಲ್ಲ. ಟೂರ್ನಿಯಿಂದಲೇ ಹೊರಗೆ. ಅದೇ ವರ್ಷ ಆಗಸ್ಟ್‌ನಲ್ಲಿ ಫಿಫಾ ಎಐಎಫ್‌ಎಫ್ ಅನ್ನು ಅಮಾನತು ಮಾಡಿತು. ಏಷ್ಯಾದ ಕ್ಲಬ್ ಟೂರ್ನಿ ಆಡಲು ಉಜ್ಬೇಕಿಸ್ತಾನಕ್ಕೆ ಹೋಗಿದ್ದ ಗೋಕುಲಂ ಹುಡುಗಿಯರು ಆಡದೇ ವಾಪಸ್ ಬಂದರು. ತಪ್ಪು ಕಚೇರಿಯಲ್ಲಿ ಕೂತವರದ್ದು, ದಂಡ ಆಡುವವರಿಗೆ.

ಅದೇ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲಿ ನಡೀತು. ಜೋಯಿಡಾದ ಗಡಿ ದಾಟಿದರೆ ಸಿಗುವ ಗೋವಾದ ಮಡಗಾಂವ್‌ನಲ್ಲೂ ಪಂದ್ಯ ಇದ್ದವು. ಭಾರತ ಮೂರೂ ಪಂದ್ಯ ಸೋತಿತು. ತಂಡದ ನಾಯಕಿ ಜಾರ್ಖಂಡ್‌ನ ಗುಮ್ಲಾ ಜಿಲ್ಲೆಯ ಅಷ್ಟಂ ಉರಾಂವ್. ಮಗಳು ವಿಶ್ವಕಪ್ ಆಡ್ತಾಳೆ ಅಂತ ಸರ್ಕಾರ ಅವಳ ಊರಿಗೆ ರಸ್ತೆ ಮಾಡಿಸಿತು. ಆ ರಸ್ತೆ ಕೆಲಸಕ್ಕೆ ಅವಳ ತಂದೆ-ತಾಯಿಯೇ ದಿನಕ್ಕೆ 250 ರೂಪಾಯಿ ಕೂಲಿಗೆ ಹೋಗಿದ್ದರು. ಈ ತಂಡಗಳು ಎಂಥಾ ಮನೆಗಳಿಂದ ಬರ್ತವೆ ಅನ್ನೋದಕ್ಕೆ ಇದೊಂದು ಸಾಕು.

2025: ಬೆಂಗಳೂರಿನಿಂದ ಚಿಯಾಂಗ್ ಮಾಯ್‌ಗೆ

2025ರಲ್ಲಿ ಕೋಚ್ ಆಗಿ ಬಂದವರು ಕ್ರಿಸ್ಪಿನ್ ಛೆಟ್ರಿ. ಅದಕ್ಕೂ ಮೊದಲು ಒಡಿಶಾ ಎಫ್‌ಸಿಗೆ ಲೀಗ್ ಗೆಲ್ಲಿಸಿಕೊಟ್ಟವರು. ಅರ್ಹತಾ ಸುತ್ತಿಗೆ ಮುಂಚೆ ತಂಡಕ್ಕೆ ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ದೀರ್ಘ ಶಿಬಿರ ನಡೀತು, ಉಜ್ಬೇಕಿಸ್ತಾನದ ಜೊತೆ ಸೌಹಾರ್ದ ಪಂದ್ಯಗಳೂ ಆದವು. ಟೂರ್ನಿಗೆ ಮುಂಚೆ ಇಷ್ಟು ದಿನ ಒಟ್ಟಿಗೆ ಇರೋದು ಈ ತಂಡಕ್ಕೆ ಅಪರೂಪ.

ಚಿಯಾಂಗ್ ಮಾಯ್‌ನ ಫಲಿತಾಂಶ ಹೀಗಿದೆ:

ಜೂನ್ 23: ಮಂಗೋಲಿಯಾ ವಿರುದ್ಧ 13-0 (ಪ್ಯಾರಿ ಖಾಖಾ 5 ಗೋಲು)
ಜೂನ್ 29: ತಿಮೋರ್ ಲೆಸ್ತೆ ವಿರುದ್ಧ 4-0
ಜುಲೈ 2: ಇರಾಕ್ ವಿರುದ್ಧ 5-0
ಜುಲೈ 5: ಥಾಯ್ಲೆಂಡ್ ವಿರುದ್ಧ 2-1

ಒಟ್ಟು 24 ಗೋಲು ಹೊಡೆದು ಬಿಟ್ಟುಕೊಟ್ಟಿದ್ದು ಒಂದೇ. ಕೊನೆಯ ಪಂದ್ಯದ ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರ್ ಅವರದ್ದು, ಒಂದು 29ನೇ ನಿಮಿಷ, ಇನ್ನೊಂದು 74ನೇ ನಿಮಿಷ.

ಅದೇ ವರ್ಷ ಆಗಸ್ಟ್‌ನಲ್ಲಿ 20 ವರ್ಷದೊಳಗಿನವರ ತಂಡ, ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ತಂಡ ಕೂಡ ತಮ್ಮ ತಮ್ಮ ಏಷ್ಯನ್ ಕಪ್‌ಗೆ ಅರ್ಹತೆ ಪಡೆದವು.

2026ರ ಏಷ್ಯನ್ ಕಪ್

ಏಷ್ಯನ್ ಕಪ್ ನಿಗದಿಯಾದದ್ದು 2026ರ ಮಾರ್ಚ್ 1ರಿಂದ 21ರವರೆಗೆ, ಆಸ್ಟ್ರೇಲಿಯಾದಲ್ಲಿ. ಭಾರತದ ಗುಂಪಿನಲ್ಲಿ ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ ಇದ್ದವು. ಜಪಾನ್ 2011ರಲ್ಲಿ ವಿಶ್ವಕಪ್ ಗೆದ್ದ ತಂಡ, ಅದರೆದುರು ಕಷ್ಟವೇ. ಉಳಿದೆರಡರ ಮೇಲೆ ಆಸೆ ಇತ್ತು. ಕ್ವಾರ್ಟರ್ ಫೈನಲ್ ತಲುಪಿದರೆ 2027ರ ಬ್ರೆಜಿಲ್ ವಿಶ್ವಕಪ್‌ನ ಬಾಗಿಲ ತನಕ ಹೋದಂತೆ ಅನ್ನೋ ಲೆಕ್ಕ ಇತ್ತು. ಏಷ್ಯಾದ ಆರು ತಂಡಗಳಿಗೆ ನೇರ ಟಿಕೆಟ್, ಇನ್ನೆರಡಕ್ಕೆ ಪ್ಲೇ-ಆಫ್ ಅವಕಾಶ ಇತ್ತು.

ನಮ್ಮ ಭಾಗದಲ್ಲಿ ಏನಿದೆ?

ಮುಂಡಗೋಡದ ಟಿಬೆಟಿಯನ್ ಕ್ಯಾಂಪ್‌ನಲ್ಲಿ ಫುಟ್‌ಬಾಲ್ ಹೊಸದಲ್ಲ. ದಲೈ ಲಾಮಾ ಅವರ ತಾಯಿಯ ನೆನಪಿನ ಗೋಲ್ಡ್ ಕಪ್‌ಗೆ ಬೇರೆ ಬೇರೆ ಕ್ಯಾಂಪ್‌ಗಳ ತಂಡಗಳು ಆಡ್ತವೆ. ಟಿಬೆಟಿಯನ್ ಹುಡುಗಿಯರಿಗೂ ಒಂದು ತಂಡ ಇದೆ. ಅಮೆರಿಕದ ಕ್ಯಾಸಿ ಚಿಲ್ಡರ್ಸ್ ಅನ್ನುವವರು ಇಲ್ಲಿನ ನಿರಾಶ್ರಿತ ಶಾಲೆಗಳ ಹುಡುಗಿಯರನ್ನು ಕೂಡಿಸಿ ಕಟ್ಟಿದ ತಂಡ ಅದು. 2015ರಲ್ಲಿ ಬರ್ಲಿನ್‌ಗೆ ಹೋಗಿ ಆಡಿ ಬಂತು. 2017ರಲ್ಲಿ ಅಮೆರಿಕದ ಟೂರ್ನಿಗೆ ಹೊರಟಾಗ ವೀಸಾ ಸಿಗಲಿಲ್ಲ. ಫಿಫಾ ಮಾನ್ಯತೆ ಇಲ್ಲ, ದೇಶವೂ ಕೈಯಲ್ಲಿಲ್ಲ, ಆದರೂ ತಂಡ ಕಟ್ಟಿದರು.

ಇನ್ನೊಂದು ನೆನಪು ಸಿದ್ದಿ ಸಮುದಾಯದ್ದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆ ಮಾಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದುಕೊಂಡು ಹೋಯಿತು. ಕಮಲಾ ಸಿದ್ದಿಯವರು ಹರ್ಡಲ್ಸ್‌ನಲ್ಲಿ ದೇಶದ ಪರ ಓಡಿದ್ದು ಅದೇ ದಾರಿಯಲ್ಲಿ. ಕೆಲವೇ ವರ್ಷದಲ್ಲಿ ಯೋಜನೆ ನಿಂತಿತು. ಅರ್ಧಕ್ಕೇ ಆಟ ಬಿಟ್ಟು ಊರಿಗೆ ಬಂದವರು ಎಷ್ಟೋ ಜನ. ರಾಷ್ಟ್ರೀಯ ತಂಡದ ಕಥೆಯೂ ಇದೇ ಅಲ್ಲವಾ? ಕೊಟ್ಟಾಗ ಎದ್ದಿತು, ನಿಲ್ಲಿಸಿದಾಗ ಬಿದ್ದಿತು.

ನಿಮ್ಮ ಮಗಳು ಆಡಬೇಕು ಅಂದ್ರೆ

1. ಶಾಲೆಯಿಂದಲೇ ಶುರು. ಇಲಾಖೆಯ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ರಾಜ್ಯ ಹೀಗೆ ಮೇಲೆ ಹೋಗುತ್ತೆ. ಬಾಲಕಿಯರ ಫುಟ್‌ಬಾಲ್ ತಂಡ ಕಳಿಸ್ತೀರಾ ಅಂತ ಪಿ.ಟಿ. ಮಾಸ್ತರರನ್ನು ವರ್ಷದ ಶುರುವಿನಲ್ಲೇ ಕೇಳಿ. ತಂಡದ ಹೆಸರೇ ಕೊಡದಿದ್ದರೆ ದಾರಿ ಅಲ್ಲಿಗೇ ಮುಗೀತು.

2. ಸುಬ್ರತೋ ಕಪ್ ಶಾಲಾ ತಂಡಗಳ ದೊಡ್ಡ ಟೂರ್ನಿ. ಬಾಲಕಿಯರಿಗೆ 17 ವರ್ಷದೊಳಗಿನ ವಿಭಾಗ ಇದೆ.

3. ಕ್ಲಬ್ ಸೇರಿದರೆ ಆಟಗಾರ್ತಿಯ ಹೆಸರು ಎಐಎಫ್‌ಎಫ್‌ನ ಆನ್‌ಲೈನ್ ನೋಂದಣಿಯಲ್ಲಿ (ಸಿಆರ್‌ಎಸ್) ಇರಬೇಕು. ಜನನ ಪ್ರಮಾಣಪತ್ರದಲ್ಲಿ ಹೆಸರು, ತಾರೀಕು ಆಧಾರ್ ಜೊತೆ ತಾಳೆ ಆಗ್ತದಾ ಅಂತ ಈಗಲೇ ನೋಡಿಕೊಳ್ಳಿ.

4. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಬೆಂಗಳೂರಿನಲ್ಲಿ ಮಹಿಳಾ ಲೀಗ್ ನಡೆಸುತ್ತೆ. ರಾಜ್ಯ ತಂಡಕ್ಕೆ ಆಯ್ಕೆದಾರರ ಕಣ್ಣು ಬೀಳೋದು ಅಲ್ಲಿ.

5. ಆಟದಿಂದ ಕೆಲಸವೂ ಸಿಗುತ್ತೆ. ರೈಲ್ವೆ, ಪೊಲೀಸ್, ಅರೆಸೇನಾ ಪಡೆಗಳಲ್ಲಿ ಕ್ರೀಡಾ ಕೋಟಾ ಇದೆ. ಸಂಗೀತಾ ಬಾಸ್ಫೋರ್ ಕೂಡ ಸಶಸ್ತ್ರ ಸೀಮಾ ಬಲದ ತಂಡದಲ್ಲಿ ಆಡಿದವರು.

ನಮ್ಮ ಕಡೆ ಹುಡುಗಿಯರ ಆಟ ಹೆಚ್ಚಾಗಿ ನಿಲ್ಲೋದು ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ. ಕಾಲು ಗಟ್ಟಿಯಾಗಿ, ಆಟ ಕೈಗೆ ಹತ್ತುವ ವಯಸ್ಸೇ ಅದು. ಕ್ರಿಕೆಟ್, ವಾಲಿಬಾಲ್ ಟೂರ್ನಮೆಂಟ್‌ಗೆ ಜೆರ್ಸಿ, ಟ್ರೋಫಿ ಕೊಡುವ ಅಂಗಡಿಯವರು ನಮ್ಮಲ್ಲಿ ಕಡಿಮೆ ಇಲ್ಲ. ಈ ಬೇಸಿಗೆ ರಜೆಗೆ ಹುಡುಗಿಯರ ಸೆವೆನ್ಸ್ ಟೂರ್ನಮೆಂಟ್ ಒಂದಕ್ಕೂ ಕೊಡಿ. ಏಳೇಳು ಜನರ ಆಟ, ಅರ್ಧ ಮೈದಾನ ಸಾಕು, ಎರಡು ಚೆಂಡು, ಗೆರೆಗೆ ಸುಣ್ಣದ ಪುಡಿ, ಒಬ್ಬ ರೆಫರಿ, ನೀರಿನ ಕ್ಯಾನ್. ದಾಂಡೇಲಿಯಿಂದ ಒಂದು ತಂಡ, ಹಳಿಯಾಳದಿಂದ ಒಂದು, ಜೋಯಿಡಾದಿಂದ ಒಂದು, ಮುಂಡಗೋಡದ ಕ್ಯಾಂಪ್‌ನಿಂದ ಒಂದು ಬಂದರೂ ನಾಲ್ಕು ತಂಡ ಆಯ್ತು. ತಾರೀಕು ಗೊತ್ತು ಮಾಡಿ ತಿಳಿಸಿದರೆ ಸುದ್ದಿ ನಾವು ಹಾಕ್ತೇವೆ.