ಸಹಿ ಬಿತ್ತು, ಮನಸ್ಸು ಕೂಡಲಿಲ್ಲ

ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಚರ್ಚುಗಳು ಮತ್ತೆ ಒಂದಾಗುತ್ತವಾ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ 1054ರ ಜಗಳಕ್ಕಿಂತ ಹೆಚ್ಚಾಗಿ 1439ರ ರಾಜಿ ನೆನಪಾಗುತ್ತೆ.

ಆಗ ತುರ್ಕರು ಕಾನ್‌ಸ್ಟಾಂಟಿನೋಪಲ್ಲಿನ ಬಾಗಿಲಿಗೇ ಬಂದಿದ್ದರು. ಪಶ್ಚಿಮದ ಸೈನ್ಯದ ನೆರವು ಬೇಕಿದ್ದ ಚಕ್ರವರ್ತಿ ಎಂಟನೇ ಜಾನ್, ತನ್ನ ಬಿಷಪ್ಪರನ್ನು ಕಟ್ಟಿಕೊಂಡು ಇಟಲಿಗೆ ಹೋದ. ತಿಂಗಳುಗಟ್ಟಲೆ ವಾದ ನಡೆದು, ಕೊನೆಗೆ ಫ್ಲಾರೆನ್ಸಿನಲ್ಲಿ ಪೋಪರೇ ಇಡೀ ಚರ್ಚಿಗೆ ಮುಖ್ಯಸ್ಥರು ಅಂತ ಒಪ್ಪಿ ಸಹಿ ಹಾಕಿದರು. ಎಫೆಸಸಿನ ಬಿಷಪ್ ಮಾರ್ಕ್ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಊರಿಗೆ ಮರಳಿ ನೋಡಿದರೆ ಜನ ಮಾರ್ಕನ ಕಡೆಗಿದ್ದರು! ಸಹಿ ಹಾಕಿದ ಹಲವರು ಹಿಂದೆ ಸರಿದರು. ಮಾಸ್ಕೋದಲ್ಲಂತೂ ಐಕ್ಯದ ಸುದ್ದಿ ತಂದ ಇಸಿಡೋರನನ್ನು ಸೆರೆಗೆ ಹಾಕಿದರು. 1452ರ ಡಿಸೆಂಬರಿನಲ್ಲಿ ಹಾಗಿಯಾ ಸೋಫಿಯಾದಲ್ಲಿ ಐಕ್ಯ ಸಾರಿದ್ದೂ ಆಯ್ತು. ಆರು ತಿಂಗಳು ತುಂಬುವಷ್ಟರಲ್ಲಿ ನಗರವೇ ಬಿತ್ತು.

ರೋಮಿನ ಲೆಕ್ಕದಲ್ಲಿ ಪೋಪ್ ಒಪ್ಪಿದ ಮಹಾಸಭೆಯ ತೀರ್ಮಾನ ಅಂದರೆ ಮುಗೀತು. ಪೂರ್ವದವರಿಗೆ ಅಷ್ಟು ಸಾಲದು, ಚರ್ಚಿನ ಜನ ಅದನ್ನು ತಮ್ಮದು ಅಂದುಕೊಳ್ಳಬೇಕು.

1965ರಲ್ಲಿ ಆರನೇ ಪಾಲ್ ಮತ್ತು ಅಥೆನಾಗೊರಾಸ್ ಸೇರಿ 1054ರ ಬಹಿಷ್ಕಾರಗಳನ್ನು ತೆಗೆದುಹಾಕಿದರು. 2007ರಲ್ಲಿ ರವೆನ್ನಾದಲ್ಲಿ ಜಂಟಿ ಆಯೋಗ, ಹಳೆಯ ಅವಿಭಜಿತ ಚರ್ಚಿನಲ್ಲಿ ರೋಮಿಗೆ ಮೊದಲ ಸ್ಥಾನ ಇತ್ತು ಅಂತ ಒಪ್ಪಿತು. ಆ ಸ್ಥಾನಕ್ಕೆ ಎಷ್ಟು ಅಧಿಕಾರ ಅನ್ನೋದರಲ್ಲಿ ಮಾತ್ರ ಒಮ್ಮತ ಬರಲಿಲ್ಲ. 2018ರಲ್ಲಿ ಉಕ್ರೇನಿನ ವಿಷಯಕ್ಕೆ ಮಾಸ್ಕೋ, ಕಾನ್‌ಸ್ಟಾಂಟಿನೋಪಲ್ ಜೊತೆಗೇ ಸಂಬಂಧ ಕಡಿದುಕೊಂಡಿತು. ಹಾಗಾದರೆ ಪೂರ್ವದ ಪರವಾಗಿ ಸಹಿ ಹಾಕೋರು ಯಾರು?

ನನ್ನ ಮಟ್ಟಿಗೆ, ಅವಸರದ ಸಹಿಗಿಂತ ನಿಧಾನದ ಮಾತುಕತೆಯೇ ವಾಸಿ. ನೀವೇನಂತೀರಿ?